ಎಡ ಹಿಂಚಕ್ರದ ಐದು ಸ್ಟಡ್ಡುಗಳು: ಉಲ್ಟಾ ಥ್ರೆಡ್ಡಿನ ಜೀಪೊಂದರ ಪ್ರಕರಣ

ಗಾಡಿಯ ಹಿನ್ನೆಲೆ

ಈ ಪ್ರಕರಣದ ಗಾಡಿ 1960ರ ದಶಕದ ಮಹೀಂದ್ರ ಸಿಜೆ-3ಬಿ ಜೀಪು, ಮಲೆನಾಡಿನ ಒಂದು ಕಾಫಿ ತೋಟದ್ದು. ತೋಟ ಯಾವುದು, ಕೈಯಾಡಿಸಿದವರು ಯಾರು ಎಂಬುದನ್ನು ಬಿಟ್ಟಿದೆ. ಗಾಡಿಗೆ ಏನಾಯಿತು, ಯಾವ ಹಂತದಲ್ಲಿ ಯಾವ ತೀರ್ಮಾನ ದಾರಿ ತಪ್ಪಿಸಿತು, ಯಾವುದು ದಾರಿಗೆ ತಂದಿತು ಎಂಬುದಷ್ಟೇ ಇಲ್ಲಿದೆ.

ವಿಲ್ಲೀಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ ಇದು. ಮಹೀಂದ್ರದವರು ನಮ್ಮಲ್ಲಿ ಬಹುಕಾಲ ತಯಾರಿಸಿದರು. ಒಳಗಿನ ಎಫ್-ಹೆಡ್ ಪೆಟ್ರೋಲ್ ಎಂಜಿನ್ನು ಹಿಂದಿನದಕ್ಕಿಂತ ಎತ್ತರವಾದ್ದರಿಂದ ಬಾನೆಟ್ಟೂ ಎತ್ತರ. ದೂರದಿಂದಲೇ ಗುರುತು ಸಿಗುತ್ತದೆ. ಒಂದೊಂದು ಚಕ್ರಕ್ಕೆ ಐದು ಸ್ಟಡ್ಡು (ಚಕ್ರದ ನಟ್ಟು ಹತ್ತುವ, ಥ್ರೆಡ್ಡು ಅಂದರೆ ತಿರುಪಿನ ಗೆರೆ ಇರುವ ಮೊಳೆ), ಐದೂವರೆ ಇಂಚು ವ್ಯಾಸದ ವೃತ್ತದಲ್ಲಿ. ಸ್ಟಡ್ಡಿನ ದಪ್ಪ ಅರ್ಧ ಇಂಚು, ಇಂಚಿಗೆ 20 ಥ್ರೆಡ್ಡು. ಬಲಗಡೆಯ ಎರಡು ಚಕ್ರಗಳಿಗೆ ಮಾಮೂಲಿ ಥ್ರೆಡ್ಡು. ಎಡಗಡೆಯ ಎರಡಕ್ಕೆ ಎಡ ಥ್ರೆಡ್ಡು, ಗ್ಯಾರೇಜಿನ ಮಾತಿನಲ್ಲಿ ಉಲ್ಟಾ ಥ್ರೆಡ್ಡು: ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ನಟ್ಟು ಬಿಚ್ಚುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ಬಿಗಿಯುತ್ತದೆ.

ಗಾಡಿ ಮುಂದಕ್ಕೆ ಓಡುವಾಗ ಚಕ್ರ ತಿರುಗುವ ದಿಕ್ಕೂ ನಟ್ಟು ಬಿಗಿಯುವ ದಿಕ್ಕೂ ಒಂದೇ ಆಗಿದ್ದರೆ ನಟ್ಟು ತಾನಾಗಿ ಸಡಿಲವಾಗದು ಎಂಬುದು ಆ ಕಾಲದ ವಿನ್ಯಾಸಕಾರರ ಲೆಕ್ಕ. ಕ್ರೈಸ್ಲರ್ ಬಳಗದ ಡಾಡ್ಜ್, ಪ್ಲಿಮತ್, ಡಿ ಸೋಟೊ ಕಾರುಗಳಲ್ಲೂ ಇದೇ ಕ್ರಮ. ಮುಂಬೈಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಜೋಡಣೆಯಾಗಿ ನಮ್ಮ ರಸ್ತೆಗಿಳಿದ ಆ ಕಾರುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಸರಿಯಾದ ಬಿಗಿ ಮತ್ತು ಶಂಕುವಿನಾಕಾರದ ಮುಖವಿರುವ ನಟ್ಟು ಇದ್ದರೆ ಎರಡೂ ಕಡೆ ಬಲ ಥ್ರೆಡ್ಡೇ ಸಾಕೆಂದು ಅನುಭವದಲ್ಲಿ ಕಂಡ ಮೇಲೆ ಈ ಪದ್ಧತಿಯನ್ನು ಕಾರು ತಯಾರಕರು ಕೈಬಿಟ್ಟರು. ಅಂಬಾಸಿಡರ್, ಫಿಯೆಟ್ಟುಗಳಿಗೆ ಎರಡೂ ಕಡೆ ಮಾಮೂಲಿ ಥ್ರೆಡ್ಡೇ. ಅವುಗಳ ಮೇಲೆ ಕೆಲಸ ಕಲಿತ ಕೈಗೆ ಹಳೆಯ ಜೀಪಿನ ಎಡ ಚಕ್ರ ಹೊಸದು.

ಒಂದು ಮಾತನ್ನು ಇಲ್ಲೇ ಸೇರಿಸಬೇಕು. ಎಂಜಿಬಿ, ಜಾಗ್ವಾರ್ ಇ-ಟೈಪ್‌ನಂಥ ತಂತಿ ಚಕ್ರದ ಕಾರುಗಳಲ್ಲಿ ನಡುವೆ ಒಂದೇ ದೊಡ್ಡ ನಟ್ಟು ಇರುತ್ತದೆ. ಅಲ್ಲಿ ಕ್ರಮ ತಿರುಗುಮುರುಗು: ಎಡಗಡೆಗೆ ಬಲ ಥ್ರೆಡ್ಡು, ಬಲಗಡೆಗೆ ಎಡ ಥ್ರೆಡ್ಡು. ಐದು ಸ್ಟಡ್ಡಿನ ಗಾಡಿಯ ನಿಯಮವನ್ನು ಅಲ್ಲಿಗೆ ಒಯ್ದರೂ ಕೆಡುತ್ತದೆ, ಅಲ್ಲಿಯದನ್ನು ಇಲ್ಲಿಗೆ ತಂದರೂ ಕೆಡುತ್ತದೆ.

ಮೊದಲ ಪೆಟ್ಟು: ಗಾಳಿ ಗನ್ನು

ಜೀಪು ಬಹಳ ದಿನ ಶೆಡ್ಡಿನಲ್ಲಿ ನಿಂತಿತ್ತು. ಮತ್ತೆ ಓಡಿಸಲು ತೆಗೆದಾಗ ಎಡ ಹಿಂಚಕ್ರ ಪಂಕ್ಚರ್. ಟೈರ್ ಅಂಗಡಿಯಲ್ಲಿ ಗಾಳಿ ಗನ್ನಿಗೆ 19ರ ಸಾಕೆಟ್ ಹಾಕಿ ಎಲ್ಲ ಗಾಡಿಗಳಂತೆ ಬಿಚ್ಚುವ ದಿಕ್ಕಿಗೆ ಒತ್ತಿದರು. ಆ ದಿಕ್ಕು ಎಡ ಥ್ರೆಡ್ಡಿಗೆ ಬಿಗಿಯುವ ದಿಕ್ಕು. ನಟ್ಟು ಅಲ್ಲಾಡದ್ದನ್ನು ತುಕ್ಕಿನ ಲೆಕ್ಕಕ್ಕೆ ಹಾಕಿ, ಗಾಳಿಯ ಒತ್ತಡ ಏರಿಸಿ ಮತ್ತೆ ಒತ್ತಿದರು. ಮೊದಲ ಸ್ಟಡ್ಡು ತುಂಡಾಯಿತು. ಎರಡನೆಯದೂ ತುಂಡಾಯಿತು. ಮೂರನೆಯದಕ್ಕೂ ಗನ್ನು ಒತ್ತುತ್ತಿರುವಾಗ ಪಕ್ಕದಲ್ಲಿದ್ದ ಹಳೆಯ ಲಾರಿ ಕ್ಲೀನರ್ ಒಬ್ಬರು ತಡೆದರು: "ಅದು ಉಲ್ಟಾ ಥ್ರೆಡ್ಡು ಮಾರಾಯ, ಆ ಕಡೆ ತಿರುಗಿಸು." ಉಳಿದ ಮೂರು ನಟ್ಟುಗಳು ಪಾನಕ್ಕೆ (ಸ್ಪ್ಯಾನರಿಗೆ) ಸಲೀಸಾಗಿ ಬಂದವು.

ಮೊದಲ ಸ್ಟಡ್ಡು ತುಂಡಾದಾಗಲೇ ಕೈ ನಿಲ್ಲಬೇಕಿತ್ತು. ತುಕ್ಕು ಹಿಡಿದ ನಟ್ಟು ಬಿಚ್ಚುವಾಗ ಸಾಮಾನ್ಯವಾಗಿ ಕಿರುಗುಟ್ಟುತ್ತದೆ, ಕೊಂಚ ಅಲುಗಿ ಮತ್ತೆ ಹಿಡಿಯುತ್ತದೆ. ಬಿಗಿಯುತ್ತಾ ಹೋಗುವ ನಟ್ಟು ಸದ್ದಿಲ್ಲದೆ ಒಂದಿಷ್ಟು ಮೆತ್ತಗೆ ತಿರುಗಿ ಆಮೇಲೆ ಟಪ್ಪೆಂದು ಬಿಡುತ್ತದೆ. ಆ ಮೆತ್ತಗಿನ ತಿರುಗು ಸ್ಟಡ್ಡು ಎಳೆದುಕೊಂಡು ಉದ್ದವಾಗುತ್ತಿರುವುದರ ಗುರುತು. ಇಂಥ ಅನುಮಾನ ಬಂದಾಗ ಗನ್ನು ಕೆಳಗಿಟ್ಟು ತಂತಿ ಬ್ರಷ್ಷಿನಲ್ಲಿ ಸ್ಟಡ್ಡಿನ ತುದಿ ಉಜ್ಜಿ ನೋಡಬೇಕು. ಹಲವು ತಯಾರಕರ ಎಡ ಥ್ರೆಡ್ ಸ್ಟಡ್ಡಿನ ತುದಿಯಲ್ಲೋ ನಟ್ಟಿನ ಮುಖದಲ್ಲೋ 'ಎಲ್' ಅಕ್ಷರ ಒತ್ತಿರುತ್ತದೆ. ಕೆಲವು ನಟ್ಟುಗಳ ಆರು ಮೂಲೆಗೂ ಗೀರು ಹಾಕಿರುತ್ತಾರೆ, ಅಸಿಟಿಲಿನ್ ಸಿಲಿಂಡರಿನ ಎಡ ಥ್ರೆಡ್ ನಟ್ಟಿಗೆ ಇರುವಂತೆ. ಗುರುತು ಇಲ್ಲದಿದ್ದರೆ ನಟ್ಟಿನಿಂದ ಹೊರಗೆ ಚಾಚಿದ ಥ್ರೆಡ್ಡನ್ನೇ ನೋಡಬೇಕು. ಸ್ಟಡ್ಡನ್ನು ನೆಟ್ಟಗೆ ನಿಲ್ಲಿಸಿದಂತೆ ಕಲ್ಪಿಸಿಕೊಂಡರೆ ನಮಗೆ ಕಾಣುವ ಗೆರೆಗಳು ಬಲಕ್ಕೆ ಏರಿದರೆ ಬಲ ಥ್ರೆಡ್ಡು, ಎಡಕ್ಕೆ ಏರಿದರೆ ಎಡ ಥ್ರೆಡ್ಡು. ಈ ಜೀಪಿನಲ್ಲಿ 'ಎಲ್' ಅಕ್ಷರ ಇತ್ತು, ಹಲವು ಪದರ ಪೇಂಟಿನ ಅಡಿಯಲ್ಲಿ.

ಎರಡನೆಯ ಪೆಟ್ಟು: ಲೇತಿನ ಸ್ಟಡ್ಡು

ಮುರಿದ ಎರಡಕ್ಕೆ ಬದಲಿ ಬೇಕಿತ್ತು. ಹತ್ತಿರದ ಪೇಟೆಯಲ್ಲಿ ಎಡ ಥ್ರೆಡ್ಡಿನದು ಸಿಗಲಿಲ್ಲ. ಕೊಯ್ಲಿನ ಸಮಯ, ಗಾಡಿ ನಿಲ್ಲಿಸುವಂತಿಲ್ಲ. ಲೇತಿನವರು ಮೈಲ್ಡ್ ಸ್ಟೀಲ್ ರಾಡಿನಿಂದ ಎರಡು ಸ್ಟಡ್ಡು ಕಡೆದುಕೊಟ್ಟರು. ಥ್ರೆಡ್ಡು ಬಲದ್ದು, ಏಕೆಂದರೆ ಅವರ ಬಳಿ ಇದ್ದ ಡೈ (ಥ್ರೆಡ್ಡು ಕೊರೆಯುವ ಅಚ್ಚು) ಅದೇ. ಕಂಪನಿಯ ಸ್ಟಡ್ಡಿನ ಕುತ್ತಿಗೆಯಲ್ಲಿ ಹಬ್ಬಿನೊಳಗೆ (ಚಕ್ರ ಕೂರುವ ನಡುಭಾಗದೊಳಗೆ) ಕಚ್ಚಿ ಕೂರಲು ಹಲ್ಲುಗಳಿರುತ್ತವೆ. ಕಡೆದ ಸ್ಟಡ್ಡಿಗೆ ಹಲ್ಲಿರಲಿಲ್ಲ, ಹಾಗಾಗಿ ತಲೆಯನ್ನು ಹಬ್ಬಿಗೆ ಎರಡು ಚುಕ್ಕೆ ವೆಲ್ಡ್ ಮಾಡಿ ನಿಲ್ಲಿಸಿದರು.

ಹೀಗೆ ಒಂದೇ ಹಬ್ಬಿನಲ್ಲಿ ಮೂರು ಎಡ ಥ್ರೆಡ್ಡು, ಎರಡು ಬಲ ಥ್ರೆಡ್ಡು ಸೇರಿಕೊಂಡವು. ಇಡೀ ಪ್ರಕರಣದ ತಿರುವು ಇದೇ. ಮುರಿದ ಸ್ಟಡ್ಡು ಕಣ್ಣಿಗೆ ಕಾಣುತ್ತದೆ, ಗಾಡಿ ತಾನಾಗಿ ನಿಲ್ಲುತ್ತದೆ. ಬೆರಕೆ ಥ್ರೆಡ್ಡಿನ ಹಬ್ಬು ಸರಿಯಾಗಿಯೇ ಕಾಣುತ್ತದೆ, ಗಾಡಿ ಓಡುತ್ತದೆ.

ಲೋಹದ ತೊಂದರೆ ಲೆಕ್ಕ ಹಾಕಿದರೆ ಸ್ಪಷ್ಟ. ಈ ನಟ್ಟುಗಳನ್ನು ಸುಮಾರು 70 ಪೌಂಡ್-ಅಡಿ, ಅಂದರೆ 95 ನ್ಯೂಟನ್-ಮೀಟರ್ ಬಿಗಿದಾಗ ಒಣ ಥ್ರೆಡ್ಡಿನಲ್ಲಿ ಒಂದೊಂದು ಸ್ಟಡ್ಡಿನ ಮೇಲೆ ಬೀಳುವ ಎಳೆತ ಹೆಚ್ಚುಕಡಿಮೆ 37 ಕಿಲೋನ್ಯೂಟನ್, ಮೂರೂಮುಕ್ಕಾಲು ಟನ್ ತೂಕ ನೇತುಹಾಕಿದಷ್ಟು. ಅರ್ಧ ಇಂಚು, 20 ಥ್ರೆಡ್ಡಿನ ಸ್ಟಡ್ಡಿನಲ್ಲಿ ಈ ಎಳೆತ ಹೊರುವ ಅಡ್ಡಕೊಯ್ತ 103 ಚದರ ಮಿಲಿಮೀಟರ್. ಭಾಗಿಸಿದರೆ ಚದರ ಮಿಲಿಮೀಟರಿಗೆ ಸುಮಾರು 360 ನ್ಯೂಟನ್. ಸಾಧಾರಣ ಮೈಲ್ಡ್ ಸ್ಟೀಲ್ 250ರ ಆಸುಪಾಸಿನಲ್ಲೇ ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ. ಗಟ್ಟಿ ಬೋಲ್ಟುಗಳಿಗೆ ಬಳಸುವ 8.8 ದರ್ಜೆಯ ಉಕ್ಕು 600ರವರೆಗೂ ಹಿಗ್ಗದೆ ನಿಲ್ಲುತ್ತದೆ. ಅಂದರೆ ಲೇತಿನ ಆ ಎರಡು ಸ್ಟಡ್ಡುಗಳು ಸರಿಯಾದ ಬಿಗಿಗೆ ಬರುವ ಮೊದಲೇ ಎಳೆದುಕೊಳ್ಳುವಂಥವು. ಅವನ್ನು ಎಷ್ಟು ಬಿಗಿದರೂ ಚಕ್ರಕ್ಕೆ ಬೇಕಾದ ಹಿಡಿತ ಬರುವುದಿಲ್ಲ.

ಸಡಿಲವಾದದ್ದು ಹೇಗೆ

ಮುಂದಿನದು ನಂಬಿಕೆಯಿಂದ ಮಾಡಿದ ಕೆಲಸದಿಂದಲೇ ಆದ ಅನಾಹುತ. ಎಡಗಡೆ ಉಲ್ಟಾ ಥ್ರೆಡ್ಡು ಎಂದು ಚಾಲಕರಿಗೆ ಈಗ ಗೊತ್ತಾಗಿತ್ತು. ಎರಡು ಸ್ಟಡ್ಡು ಬಲ ಥ್ರೆಡ್ಡಿನವು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅವರು ದಿನಾ ಬೆಳಿಗ್ಗೆ ವೀಲ್ ಪಾನ ಹಿಡಿದು ಎಡ ಹಿಂಚಕ್ರದ ಐದೂ ನಟ್ಟುಗಳನ್ನು ಎಡಕ್ಕೆ ತಿರುಗಿಸಿ 'ಬಿಗಿ' ಮಾಡುತ್ತಿದ್ದರು. ಮೂರು ನಟ್ಟು ಬಿಗಿಯಾಗುತ್ತಿದ್ದವು, ಎರಡು ಪ್ರತಿದಿನ ಒಂದಿಷ್ಟು ಸಡಿಲವಾಗುತ್ತಿದ್ದವು. ಆ ಎರಡು ಪಾನಕ್ಕೆ ಹಗುರವಾಗಿ ತಿರುಗಿದ್ದನ್ನು ರಾತ್ರಿ ಸಡಿಲಾಗಿವೆ ಎಂದುಕೊಂಡು ಇನ್ನೂ ತಿರುಗಿಸಿದರು.

ಘಾಟಿ ಇಳಿಯುವಾಗ, ಬ್ರೇಕ್ ಒತ್ತಿ ಬಿಟ್ಟಾಗ ಹಿಂದಿನಿಂದ ಟಕ್ ಟಕ್ ಸದ್ದು ಬರತೊಡಗಿತು. ಹಿಂಬದಿ ಯು-ಜಾಯಿಂಟ್ (ಎಂಜಿನ್ನಿನ ಬಲವನ್ನು ಹಿಂಚಕ್ರಗಳಿಗೆ ಒಯ್ಯುವ ಶಾಫ್ಟಿನ ಕೀಲು) ಇರಬೇಕೆಂದು ಅದನ್ನು ಬದಲಿಸಿದರು. ಸದ್ದು ಹೋಗಲಿಲ್ಲ. ಯು-ಜಾಯಿಂಟಿನ ಸದ್ದು ಕ್ಲಚ್ ಬಿಡುವಾಗ, ಗೇರ್ ಹಾಕಿ ಎಳೆಯುವಾಗ ಒಮ್ಮೆ ಬರುತ್ತದೆ. ಸಡಿಲ ಚಕ್ರದ ಸದ್ದು ನಿಧಾನವಾಗಿ ಹೋಗುವಾಗ ಚಕ್ರದ ಒಂದೊಂದು ಸುತ್ತಿಗೂ ಬರುತ್ತದೆ. ಈ ವ್ಯತ್ಯಾಸವನ್ನು ಕಿವಿಗೊಟ್ಟು ಕೇಳಿದ್ದರೆ ಒಂದು ಬಿಡಿಭಾಗದ ದುಡ್ಡೂ ಉಳಿಯುತ್ತಿತ್ತು, ಅಪಾಯದ ಓಡಾಟವೂ ತಪ್ಪುತ್ತಿತ್ತು.

ಕೊನೆಗೆ ಸುಳಿವು ಸಿಕ್ಕಿದ್ದು ಕಣ್ಣಿಗೆ. ಬೇರೆ ಕೆಲಸಕ್ಕೆ ತೋಟಕ್ಕೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಆ ಚಕ್ರದ ಎರಡು ನಟ್ಟುಗಳ ಬುಡದಿಂದ ರಿಮ್ಮಿನ ಮೇಲೆ ಹೊರಮುಖವಾಗಿ ಹರಿದ ಕಂದು ಗೆರೆಗಳನ್ನು ಕಂಡರು. ಸಡಿಲ ನಟ್ಟಿನಡಿ ರಿಮ್ಮು ಉಜ್ಜಿ ಉಜ್ಜಿ ಬರುವ ಕಬ್ಬಿಣದ ಪುಡಿ ಮಳೆನೀರಿನಲ್ಲಿ ತುಕ್ಕಾಗಿ ಬಿಡುವ ಗೆರೆ ಅದು. ಅಲ್ಲಿಂದ ಮುಂದೆ ಗಾಡಿ ಒಂದು ಗಜ ಕದಲಲಿಲ್ಲ. ಆ ತೀರ್ಮಾನವೇ ಈ ಪ್ರಕರಣದಲ್ಲಿ ಆದ ಅತ್ಯುತ್ತಮ ಕೆಲಸ.

ಚಕ್ರ ಇಳಿಸಿದಾಗ ಕಂಡದ್ದು

ಮೊದಲು ಉಳಿದ ಮೂರು ಚಕ್ರಗಳಿಗೂ ಹಿಂದೆ ಮುಂದೆ ಕಲ್ಲಿನ ಒತ್ತು ಕೊಟ್ಟರು. ಈ ಜೀಪಿನ ಹ್ಯಾಂಡ್‌ಬ್ರೇಕು ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಯ) ಹಿಂದಿನ ಡ್ರಮ್ಮಿನಲ್ಲಿದೆ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಒಂದು ಹಿಂಚಕ್ರ ನೆಲ ಬಿಟ್ಟ ಕೂಡಲೇ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ಲಿನ ದೆಸೆಯಿಂದ ಆ ಚಕ್ರ ಗಿರ್ರನೆ ತಿರುಗಬಹುದು, ಇಳಿಜಾರಿದ್ದರೆ ಗಾಡಿ ಜ್ಯಾಕಿನಿಂದ ಉರುಳಬಹುದು. ಹಾಗಾಗಿ ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ ಆಮೇಲೆ ಎತ್ತಬೇಕು.

ಬಲ ಥ್ರೆಡ್ಡಿನ ಎರಡು ಸ್ಟಡ್ಡು ಹಾದ ರಿಮ್ಮಿನ ತೂತುಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದವು, ನಟ್ಟು ಕೂರುವ ಶಂಕುವಿನಾಕಾರದ ಜಾಗ ಪೂರ್ತಿ ಸವೆದಿತ್ತು. ಒಂದು ಸ್ಟಡ್ಡಿನ ವೆಲ್ಡ್ ಚುಕ್ಕೆಗಳು ಬಿಟ್ಟುಹೋಗಿ ತಲೆ ತಿರುಗುತ್ತಿತ್ತು. ಹಳೆಯ ಮೂರು ಎಡ ಥ್ರೆಡ್ಡಿನವು ಮೇಲ್ನೋಟಕ್ಕೆ ಚೆನ್ನಾಗಿದ್ದವು. ಅವುಗಳ ಮೇಲೆ 20ರ ಥ್ರೆಡ್ ಗೇಜ್ ಇಟ್ಟಾಗ ಒಂದರಲ್ಲಿ ಹಲ್ಲುಗಳ ನಡುವೆ ಬೆಳಕು ಹಾಯಿತು: ಗಾಳಿ ಗನ್ನು ಅರ್ಧಕ್ಕೆ ಬಿಟ್ಟ ಮೂರನೆಯ ಸ್ಟಡ್ಡು ಅದು, ಮುರಿಯದೆ ಎಳೆದುಕೊಂಡು ನಿಂತಿತ್ತು. ಉಳಿದೆರಡು ಗೇಜಿಗೆ ಸರಿಹೊಂದಿದರೂ ಅಷ್ಟೂ ದಿನ ಐದರ ಭಾರ ಹೊತ್ತಂಥವು. ಐದನ್ನೂ ಬದಲಿಸುವುದೆಂದು ತೀರ್ಮಾನವಾಯಿತು. ಒಂದು ಹಬ್ಬಿನಲ್ಲಿ ಎರಡು ಸ್ಟಡ್ಡು ಮುರಿದರೆ ಉಳಿದವನ್ನು ನಂಬಬಾರದೆಂಬುದು ಒಳ್ಳೆಯ ಗ್ಯಾರೇಜುಗಳ ರೂಢಿ, ಅದಕ್ಕೆ ಕಾರಣ ಇಲ್ಲಿ ಕಣ್ಣೆದುರಿಗೇ ಇತ್ತು.

ಎಡವೋ ಬಲವೋ

ಯಾವ ಥ್ರೆಡ್ಡು ಹಾಕುವುದು ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಚಾಲಕರಿಗೆ ನಾಲ್ಕೂ ಚಕ್ರ ಬಲ ಥ್ರೆಡ್ಡಾಗಲಿ ಎಂಬ ಆಸೆ. ಮುಂದೆ ಯಾವ ಪಂಕ್ಚರ್ ಅಂಗಡಿಗೆ ಹೋದರೂ ತಲೆನೋವಿಲ್ಲ, ಬಲ ಥ್ರೆಡ್ಡಿನ ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಈ ವಾದದಲ್ಲಿ ಹುರುಳಿದೆ. ಬಲ ಥ್ರೆಡ್ಡು ಹಾಕಿದ್ದರಿಂದಲೇ ಎಡ ಚಕ್ರ ಕಳಚುವುದಿಲ್ಲ. ಇಂದಿನ ಕಾರುಗಳೆಲ್ಲ ಹಾಗೆಯೇ ಓಡುತ್ತಿವೆ.

ಎದುರು ನಿಂತ ಕಾರಣ ಹಬ್ಬಿನದು. ಈ ಜೀಪುಗಳಲ್ಲಿ ಸ್ಟಡ್ಡು ಹಿಂದಿನಿಂದ ಹಬ್ಬನ್ನೂ ಡ್ರಮ್ಮನ್ನೂ ಹಾದು ಬಂದಿರುತ್ತದೆ, ಡ್ರಮ್ಮಿನ ಮುಖದ ಬಳಿ ಸ್ಟಡ್ಡಿನ ಭುಜವನ್ನು ಬಡಿದು ಅರಳಿಸಿ ಎರಡನ್ನೂ ಕಟ್ಟಿರುತ್ತಾರೆ. ಆ ಅರಳಿದ ಅಂಚು ತೆಗೆಯದೆ ಸ್ಟಡ್ಡನ್ನು ಒತ್ತಿ ಹೊರಡಿಸಿದರೆ ಅಂಚು ಹಬ್ಬಿನ ತೂತನ್ನು ಹಿಗ್ಗಿಸಿಕೊಂಡೇ ಹೋಗುತ್ತದೆ, ಹೊಸ ಸ್ಟಡ್ಡಿನ ಹಲ್ಲಿಗೆ ಕಚ್ಚಲು ಜಾಗ ಉಳಿಯುವುದಿಲ್ಲ. ಎಡ ಮುಂಚಕ್ರದ ಐದೂ ಸ್ಟಡ್ಡು ಕಂಪನಿಯವು, ಅಲುಗದೆ ಗಟ್ಟಿಯಾಗಿದ್ದವು. ಥ್ರೆಡ್ಡು ಬದಲಿಸುವ ಒಂದೇ ಕಾರಣಕ್ಕೆ ಸರಿಯಿರುವ ಹಬ್ಬಿಗೆ ಕೈ ಹಾಕುವುದು ಬೇಡ, ಹಿಂದಿನದನ್ನಷ್ಟೇ ಮತ್ತೆ ಎಡ ಥ್ರೆಡ್ಡಿಗೆ ತರೋಣ ಎಂಬುದು ಮೆಕ್ಯಾನಿಕ್ ಅಭಿಪ್ರಾಯ. ಹಿಂದೆ ಬಲ, ಮುಂದೆ ಎಡ ಎಂದು ಒಂದೇ ಬದಿಯಲ್ಲಿ ಬೆರಕೆ ಉಳಿಸುವ ಯೋಚನೆಯನ್ನು ಯಾರೂ ಒಪ್ಪಲಿಲ್ಲ. ಈ ತೀರ್ಮಾನ ಸರಿಯಾದದ್ದೆಂದೇ ಹೇಳಬೇಕು. ಎಡ ಮುಂದಿನ ಹಬ್ಬೂ ಹಾಳಾಗಿದ್ದಿದ್ದರೆ ಎರಡನ್ನೂ ಒಟ್ಟಿಗೆ ಬಲಕ್ಕೆ ತಿರುಗಿಸುವುದು ಅಷ್ಟೇ ಸರಿಯಾಗುತ್ತಿತ್ತು.

ಬಿಡಿಭಾಗ ತರಿಸುವಾಗ ಇನ್ನೊಂದು ಗೊಂದಲ ಎದ್ದಿತು. ಮಾಲೀಕರು ಓದಿದ ಅಮೆರಿಕದ ಬರಹವೊಂದರಲ್ಲಿ 'ಡ್ರೈವರ್ ಬದಿಗೆ ಎಡ ಥ್ರೆಡ್ಡು' ಎಂದಿತ್ತು. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ನಮ್ಮಲ್ಲಿ ಬಲಕ್ಕೆ. ಸ್ಟೀಯರಿಂಗ್ ಎಲ್ಲಿದ್ದರೂ ಚಕ್ರ ತಿರುಗುವ ದಿಕ್ಕು ಬದಲಾಗದು. ಲೆಕ್ಕಕ್ಕೆ ಬರುವುದು ಮುಂದಕ್ಕೆ ಮುಖ ಮಾಡಿ ಕೂತವರ ಎಡಗೈ ಬದಿ. ಅಂಗಡಿಗೆ ಫೋನಿನಲ್ಲಿ 'ಡ್ರೈವರ್ ಸೈಡ್' ಎನ್ನದೆ 'ಎಡ ಥ್ರೆಡ್ಡು, ಅರ್ಧ ಇಂಚು, 20' ಎಂದೇ ಹೇಳಿದರು. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಜೀಪು ಬಿಡಿಭಾಗದ ಅಂಗಡಿಯಲ್ಲಿ ಸ್ಟಡ್ಡೂ ನಟ್ಟೂ ಎರಡೂ ಸಿಕ್ಕವು. ಸ್ಟಡ್ಡು ಐದರ ಬದಲು ಏಳು ತಂದರು. ನಟ್ಟನ್ನು ಅಂಗಡಿಯಲ್ಲೇ ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ ತೆಗೆದುಕೊಂಡರು, ಏಕೆಂದರೆ ಡಬ್ಬಿಯಲ್ಲಿ ಎರಡು ಬಗೆಯವೂ ಕಲೆತಿರುವುದು ಅಪರೂಪವಲ್ಲ.

ಕೆಲಸ

ಹಿಂದಿನ ಹಬ್ಬು ಇಳಿಜಾರು ಮೊನೆಯ ಆಕ್ಸಲ್ ಶಾಫ್ಟಿನ ಮೇಲೆ ಕೀ ಸಮೇತ ಕಚ್ಚಿ ಕೂತಿರುತ್ತದೆ. ಸ್ಪ್ಲಿಟ್ ಪಿನ್ ತೆಗೆದು, ಕಿರೀಟದ ನಟ್ಟನ್ನು ಪೂರ್ತಿ ಕಳಚದೆ ನಾಲ್ಕೈದು ಸುತ್ತು ಸಡಿಲಿಸಿ, ಪುಲ್ಲರ್ ಹಾಕಿ ಬಿಗಿದು ಬಿಟ್ಟರು. ನಟ್ಟು ತುದಿಯಲ್ಲೇ ಇದ್ದುದರಿಂದ ಹಬ್ಬು ಠಕ್ಕೆಂದು ಬಿಟ್ಟಾಗ ಎದುರು ನಿಂತವರ ಮೇಲೆ ಹಾರಲಿಲ್ಲ. ಶಾಫ್ಟಿನ ತುದಿಗೆ ಸುತ್ತಿಗೆ ಹಾಕಬಾರದು: ಎರಡೂ ಶಾಫ್ಟುಗಳ ನಡುವೆ ಥ್ರಸ್ಟ್ ಬ್ಲಾಕ್ ಇರುವುದರಿಂದ ಈ ಕಡೆ ಹೊಡೆದ ಪೆಟ್ಟು ಆ ಕಡೆಯ ಬೇರಿಂಗಿಗೆ ತಲುಪುತ್ತದೆ.

ಅರಳಿದ ಅಂಚುಗಳನ್ನು ಸ್ಟಡ್ಡಿನ ಸುತ್ತ ಕೂರುವ ಪೊಳ್ಳು ಕಟ್ಟರಿನಿಂದ ಕೊರೆದು, ವೆಲ್ಡ್ ಚುಕ್ಕೆಗಳನ್ನು ಗ್ರೈಂಡರಿನಲ್ಲಿ ಉಜ್ಜಿ, ಹಬ್ಬಿನ ಹಿಂಭಾಗಕ್ಕೆ ತೂತಿನ ಅಂಚಿಗೇ ಸರಿಯಾಗಿ ಕೂರುವ ಪೈಪಿನ ತುಂಡು ಒತ್ತುಕೊಟ್ಟು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒಂದೊಂದಾಗಿ ಒತ್ತಿ ತೆಗೆದರು. ಹೊಸದನ್ನೂ ಪ್ರೆಸ್ಸಿನಲ್ಲೇ ಕೂರಿಸಿದರು. ನಟ್ಟು ಹಾಕಿ ಎಳೆದು ಕೂರಿಸುವ ಅಭ್ಯಾಸ ಬಹಳ ಕಡೆ ಇದೆ. ಹಲ್ಲು ಕಚ್ಚಿಸುವಷ್ಟು ಎಳೆದರೆ ಹೊಸ ಥ್ರೆಡ್ಡು ಹುಟ್ಟುವಾಗಲೇ ದಣಿದಿರುತ್ತದೆ. ವೆಲ್ಡ್ ಕಂಡಿದ್ದ ಎರಡು ತೂತುಗಳನ್ನು ಅಳೆದು, ಹಲ್ಲಿಗೆ ಹಿಡಿತ ಉಳಿದಿದೆಯೆಂದು ಖಾತ್ರಿಯಾದ ಮೇಲಷ್ಟೇ ಹಬ್ಬನ್ನು ಉಳಿಸಿಕೊಂಡರು. ಡ್ರಮ್ಮಿನ ಓಲಾಟವನ್ನು ಡಯಲ್ ಗೇಜಿನಲ್ಲಿ ನೋಡಿ ಲೇತಿನಲ್ಲಿ ತೆಳುವಾಗಿ ಒಂದು ಕಟ್ ಹೊಡೆಸಿದರು. ರಿಮ್ಮು ಗುಜರಿಗೆ ಹೋಯಿತು, ಸ್ಟೆಪ್ನಿಯ ರಿಮ್ಮು ಆ ಜಾಗಕ್ಕೆ ಬಂತು.

ಚಕ್ರ ಹಾಕುವಾಗ ಪ್ರತಿ ನಟ್ಟನ್ನೂ ಮೊದಲ ಮೂರು ಸುತ್ತು ಬೆರಳಿನಲ್ಲೇ ತಿರುಗಿಸಿದರು. ಎಡ ಸ್ಟಡ್ಡಿಗೆ ಬಲ ನಟ್ಟು ಬೆರಳಿನಲ್ಲಿ ಒಂದು ಸುತ್ತೂ ಹತ್ತದು. ಗನ್ನಿಗೆ ಮಾತ್ರ ಅದು ತಿಳಿಯದು, ಥ್ರೆಡ್ಡು ಕೆಡಿಸಿಕೊಂಡು ಹತ್ತಿಸಿಬಿಡುತ್ತದೆ. ಥ್ರೆಡ್ಡಿಗೆ ಎಣ್ಣೆ, ಗ್ರೀಸು ಹಚ್ಚಲಿಲ್ಲ, ಹಚ್ಚಿದರೆ ಅದೇ ಟಾರ್ಕಿಗೆ ಸ್ಟಡ್ಡಿನ ಮೇಲಿನ ಎಳೆತ ಬಹಳ ಏರುತ್ತದೆ. ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ, ಮೊದಲು 35, ಆಮೇಲೆ 70 ಪೌಂಡ್-ಅಡಿ. ಟಾರ್ಕ್ ರೆಂಚ್ ತರುವಾಗಲೂ ಎಚ್ಚರ ಬೇಕಾಯಿತು: ಅಗ್ಗದ ಕೆಲವು ರೆಂಚುಗಳು ಬಲ ದಿಕ್ಕಿಗೆ ಮಾತ್ರ ಕ್ಲಿಕ್ ಕೊಡುತ್ತವೆ, ಎಡಕ್ಕೆ ತಿರುಗಿಸಿದರೆ ಸುಮ್ಮನೆ ಬಿಗಿಯುತ್ತಲೇ ಹೋಗುತ್ತವೆ. ಎರಡೂ ದಿಕ್ಕಿಗೆ ಅಳೆಯುವುದನ್ನು ಎರವಲು ತಂದರು.

ಆಮೇಲೆ

ನೂರು ಕಿಲೋಮೀಟರ್ ಒಳಗೆ ಮತ್ತೊಮ್ಮೆ ಟಾರ್ಕ್ ನೋಡಿದಾಗ ಎರಡು ನಟ್ಟು ತುಸು ತಿರುಗಿದವು. ರಿಮ್ಮಿನ ಪೇಂಟು ನಟ್ಟಿನಡಿ ಕೂತದ್ದರಿಂದ ಹಾಗಾಗುವುದು ಸಹಜ. ಮೂರನೆಯ ಬಾರಿ ಯಾವುದೂ ಅಲುಗಲಿಲ್ಲ. ಚಾಲಕರ ದಿನನಿತ್ಯದ ಪಾನ ತಿರುಗಿಸುವಿಕೆಯನ್ನು ನಿಲ್ಲಿಸಲಾಯಿತು. ಅದರ ಬದಲು ಪ್ರತಿ ನಟ್ಟಿನಿಂದ ರಿಮ್ಮಿನವರೆಗೆ ಹಳದಿ ಪೇಂಟಿನ ಗೆರೆ ಎಳೆದಿದೆ. ಗೆರೆ ಮುರಿದು ಕಂಡರೆ ಮಾತ್ರ ಪಾನ ಹಿಡಿಯುವುದು. ಎಡಗಡೆಯ ಹತ್ತೂ ಸ್ಟಡ್ಡುಗಳ ತುದಿಗೆ ಕೆಂಪು ಬಣ್ಣ. ಎರಡೂ ಎಡ ಮಡ್‌ಗಾರ್ಡಿನ ಮೇಲೆ 'ಉಲ್ಟಾ ಥ್ರೆಡ್, ಗನ್ ಹಾಕಬೇಡಿ' ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಸ್ಟೆನ್ಸಿಲ್ ಹೊಡೆಸಿದ್ದಾರೆ, ಕೆಳಗೊಂದು ಬಾಣ ಬಿಚ್ಚುವ ದಿಕ್ಕಿಗೆ. ಹಳೆಯ ಗಾಡಿಯ ಅಂದ ಕೆಡುತ್ತದೆಂದು ಮಾಲೀಕರು ಮೊದಲು ಒಪ್ಪಿರಲಿಲ್ಲ. ಸವೆದ ರಿಮ್ಮಿನ ತೂತುಗಳನ್ನು ಎದುರಿಗಿಟ್ಟು ತೋರಿಸಿದ ಮೇಲೆ ಅವರೇ ಪೇಂಟರನ್ನು ಕರೆಸಿದರು.

ಇಂಥ ಹಳೆಯ ಜೀಪನ್ನೋ ಡಾಡ್ಜನ್ನೋ ಹೊಸದಾಗಿ ಕೊಂಡವರು ಮೊದಲ ಪಂಕ್ಚರಿಗೆ ಕಾಯದೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಇಪ್ಪತ್ತೂ ಸ್ಟಡ್ಡುಗಳ ತುದಿಯನ್ನು ಬ್ರಷ್ ಹಾಕಿ ನೋಡಬೇಕು. ಚಕ್ರಕ್ಕೆ ಒಂದನ್ನು ನೋಡಿ ಉಳಿದ ನಾಲ್ಕೂ ಹಾಗೆಯೇ ಇವೆಯೆಂದು ತೀರ್ಮಾನಿಸಬಾರದು. ಹಬ್ಬುಗಳು ಗುಜರಿಯಿಂದ ಬದಲಾಗಿ ಬಂದಿರಬಹುದು, ಬಲಗಡೆಯ ಹಬ್ಬು ಎಡಕ್ಕೆ ಕೂತಿರಬಹುದು, ಒಂದೇ ಹಬ್ಬಿನಲ್ಲಿ ಎರಡು ಬಗೆ ಇರಬಹುದು. ನೋಡಿದ್ದನ್ನು ಚಕ್ರದ ಪ್ರಕಾರ ಚೀಟಿಯಲ್ಲಿ ಬರೆದು ಟೂಲ್ ಬಾಕ್ಸಿನ ಮುಚ್ಚಳದೊಳಗೆ ಅಂಟಿಸುವುದು ಒಳ್ಳೆಯದು. ಈ ಜೀಪಿನಲ್ಲಿ ಈಗ ಅಂಥ ಚೀಟಿ ಇದೆ, ಅದರ ಪಕ್ಕದಲ್ಲೇ ಒಂದು ಬಟ್ಟೆಯ ಚೀಲದಲ್ಲಿ ಉಳಿದ ಎರಡು ಎಡ ಥ್ರೆಡ್ ಸ್ಟಡ್ಡು, ನಾಲ್ಕು ನಟ್ಟು ಮತ್ತು ಮುಕ್ಕಾಲು ಇಂಚಿನ ಆರು ಮೂಲೆಯ ಸಾಕೆಟ್.